ಹಳೇ ಕ್ಯಾಮೆರಾದ ಕಣ್ಣು, ಹೊಸ ಕ್ಯಾಮೆರಾದ ಮೈ

ಈ ಸಲ ಅಡಗಿಮನಿ ಬಿಟ್ಟು ಕಪಾಟಿನ ಮ್ಯಾಲಿನ ಖಾನೆಗೆ ಕೈ ಹಾಕೀನಿ. ನಮ್ಮ ಸವಣೂರಾಗ ಒಂದೊಂದು ಮನ್ಯಾಗ ಅಲ್ಲೊಂದು ಹಳೇ ರೀಲಿನ ಕ್ಯಾಮೆರಾ ಇನ್ನೂ ಇರ್ತೈತಿ, ಚರ್ಮದ ಚೀಲದೊಳಗ. ರೀಲು ಸಿಗೂದು ಕಷ್ಟ ಆತು, ಅದನ್ನ ತೊಳಿಯೋ ಸ್ಟುಡಿಯೋ ಮುಚ್ಚಿದ್ವು. ಇನ್ನ ಇದು ಸತ್ತಂಗ ಅಂತ ತಿಳಕೊಂಡು, ಗುಜರಿಯವ ಬಂದಾಗ ಒಡಕ ಪಾತ್ರಿ ಜೋಡಿ ತೂಕಕ್ಕ ಹಾಕ್ತೀವಿ. ಹಾಕಬ್ಯಾಡ್ರಿ. ಕ್ಯಾಮೆರಾದ ಮೈ ಸತ್ತರೂ ಕಣ್ಣು ಬದುಕಿರಬಹುದು. ಅದು ಹೆಂಗ ಅಂತ ತಿಳಿಬೇಕಂದ್ರ ನೂರು ವರ್ಷ ಹಿಂದ ಹೋಗಬೇಕು.

ಜರ್ಮನಿಯ ವೆಟ್ಸ್‌ಲರ್ ಊರಾಗ ಲೈಟ್ಸ್ ಅನ್ನೋ ಕಂಪನಿ ಸೂಕ್ಷ್ಮದರ್ಶಕ ಮಾಡ್ತಿತ್ತು. ಅಲ್ಲಿ ಕೆಲಸಕ್ಕಿದ್ದ ಓಸ್ಕರ್ ಬಾರ್ನಾಕ್ ಅವರಿಗೆ ಫೋಟೋದ ಹುಚ್ಚು, ಜೋಡಿಗೆ ಉಬ್ಬಸದ ತ್ರಾಸು. ಆಗಿನ ಪೆಟ್ಟಿಗಿಯಂಥಾ ಕ್ಯಾಮೆರಾ ಹೊತ್ತು ತಿರುಗೂದು ಆಗ್ತಿರಲಿಲ್ಲ. ಸಿನಿಮಾದ ರೀಲನ್ನ ಬಳಸಿ ಅಂಗೈಯಷ್ಟು ಕ್ಯಾಮೆರಾ ಮಾಡಿದ್ರು. ಅದ 1925ರಾಗ ಪ್ಯಾಟಿಗೆ ಬಂದ ಲೈಕಾ. 1932ರ ಲೈಕಾದಾಗ ಇನ್ನೊಂದು ಅನುಕೂಲ ಕೂಡಿಸಿದ್ರು: ರೇಂಜ್‌ಫೈಂಡರ್, ಅಂದ್ರ ದೂರ ಅಳಿಯೋ ಕಿಟಕಿ.

ಅದರ ಕೆಲಸ ಸರಳ ಐತಿ. ಕ್ಯಾಮೆರಾದ ಎದಿಮ್ಯಾಲ ಸ್ವಲ್ಪ ಅಂತರದಾಗ ಎರಡು ಕಿಟಕಿ. ಹಿಂದಿನಿಂದ ಕಣ್ಣಿಟ್ಟು ನೋಡಿದ್ರ ಎದುರಿನ ಮುಖ ಎರಡೆರಡು ಕಾಣ್ತೈತಿ. ಲೆನ್ಸಿನ ಬಳಿ ತಿರುವಿದಂಗ ಎರಡೂ ಹತ್ತರ ಬಂದು ಒಂದಾಗ್ತಾವು. ಒಂದಾದ್ರ ಫೋಟೋ ಸ್ಪಷ್ಟ ಬರ್ತೈತಿ ಅಂತ ಅರ್ಥ. ಇದರಾಗ ಲೆನ್ಸಿನ ಹಿಂದ ಕನ್ನಡಿ ಇರೂದಿಲ್ಲ. ಹಿಂಗಾಗಿ ಲೆನ್ಸು ರೀಲಿಗೆ ಭಾಳ ಹತ್ತರ ಕೂಡ್ತೈತಿ. ಈ ಮಾತು ನೆನಪಿಟ್ಟುಕೋರಿ, ಮುಂದಿನ ಕತಿಯೆಲ್ಲಾ ಇದರ ಮ್ಯಾಲ ನಿಂತೈತಿ.

ಲೈಕಾ ತುಟ್ಟಿ. ಅದನ್ನ ನೋಡಿ ಬ್ಯಾರೆ ದೇಶದವರೂ ಮಾಡಾಕ ಹತ್ತಿದ್ರು. ಆಗಿನ ಸೋವಿಯತ್ ದೇಶದ, ಈಗಿನ ಯುಕ್ರೇನಿನ ಖಾರ್ಕಿವ್ ಊರಾಗ ತಂದಿ-ತಾಯಿ ಇಲ್ಲದ ಮಕ್ಕಳಿಗಾಗಿ ಒಂದು ವಸತಿ ಇತ್ತು, ಆಂಟನ್ ಮಕರೆಂಕೊ ಅನ್ನೋ ಮಾಸ್ತರು ನಡಸ್ತಿದ್ರು. ಬೀದಿಪಾಲಾಗಿದ್ದ ಆ ಹುಡುಗ-ಹುಡುಗ್ಯಾರು ಓದೂದರ ಜೋಡಿ ಕಾರ್ಖಾನಿ ಕೆಲಸ ಕಲಿತು, 1934ರಿಂದ ಲೈಕಾದಂಥಾದ್ದ ಕ್ಯಾಮೆರಾ ಸಾಲು ಹಿಡಿದು ಮಾಡಿದ್ರು. ಅದರ ಹೆಸರು ಫೆಡ್. ಫೆಲಿಕ್ಸ್ ಎಡ್ಮುಂಡೊವಿಚ್ ಜೆರ್ಜಿನ್ಸ್ಕಿ ಅನ್ನೋ ಸೋವಿಯತ್ ನಾಯಕನ ಹೆಸರಿನ ಮೊದಲಕ್ಷರ ಅವು. ಮುಂದ ಯುದ್ಧ ಆಗಿ, ಕಾರ್ಖಾನಿ ಮತ್ತ ಎದ್ದು, ಫೆಡ್ ಲಕ್ಷಗಟ್ಟಲೆ ತಯಾರಾದ್ವು. ನಮ್ಮ ದೇಶಕ್ಕ ಆ ಕಾಲಕ್ಕ ರಷ್ಯಾದ ಜೋಡಿ ರೂಪಾಯಿದಾಗ ವ್ಯಾಪಾರ ಇತ್ತು. ಜರ್ಮನಿ ಮಾಲು ಎಟುಕದವರ ಕೈಗೆ ರಷ್ಯಾದ್ದು ಎಟುಕ್ತಿತ್ತು.

ನಮ್ಮ ಮಾವನೋರ ಹತ್ತರ ಇದ್ದದ್ದೂ ಫೆಡ್ಡ, ಹುಬ್ಬಳ್ಳ್ಯಾಗ ಒಬ್ಬರ ಕಡೆಯಿಂದ ಸೆಕೆಂಡ್ ಹ್ಯಾಂಡ್ ತಗೊಂಡಿದ್ರಂತ. ಅದರ ಲೆನ್ಸಿನ ಹೆಸರು ಇಂಡಸ್ಟಾರ್. ಮನ್ಯಾಗಿನ ಎಲ್ಲಾ ತೊಟ್ಟಿಲು, ಎಲ್ಲಾ ಮದಿವಿ, ದೊಡ್ಡಹುಣಸಿ ಮರದ ಬುಡಕ ನಿಂತ ಎಲ್ಲಾ ಬೀಗರು ಆ ಲೆನ್ಸಿನಾಗ ಹಾದು ಬಂದವರ.

ಈಗ ನಡುವಿನ ಕತಿ. 1959ರಾಗ ಜಪಾನಿನ ನಿಕಾನ್ ಎಫ್ ಬಂತು. ಅದರೊಳಗ ಒಂದು ಕನ್ನಡಿ. ಲೆನ್ಸಿನಾಗ ಏನ್ ಕಾಣ್ತೈತೋ ಅದನ್ನ ನೇರ ಕಣ್ಣಿಗೆ ತೋರಸ್ತಿತ್ತು. ಜನ ಅದಕ್ಕ ಮಾರುಹೋದ್ರು, ಎರಡು ಕಿಟಕಿಯ ಕ್ಯಾಮೆರಾ ಹಿಂದ ಬಿದ್ದವು. ಆದ್ರ ಕನ್ನಡಿ ಮ್ಯಾಲ-ಕೆಳಗ ಆಡಾಕ ಜಾಗ ಬೇಕಲ್ಲ? ಹಿಂಗಾಗಿ ನಿಕಾನ್‌ನಾಗ ಲೆನ್ಸು ಕೂಡೋ ಜಾಗ ರೀಲಿನಿಂದ 46.5 ಮಿಲಿಮೀಟರ್ ದೂರ. ಲೈಕಾ, ಫೆಡ್‌ದಾಗ ಬರೇ 28.8. ಮುಂದ ಡಿಜಿಟಲ್ ಕ್ಯಾಮೆರಾ ಬಂದಾಗೂ ದೊಡ್ಡವೆಲ್ಲಾ ಈ ಕನ್ನಡಿಯವ.

ಸಣ್ಣವರಿದ್ದಾಗ ಭೂತಗನ್ನಡಿ ಹಿಡಿದು ಬಿಸಿಲಿಗೆ ಕಾಗದ ಸುಟ್ಟೀರಲ್ಲ? ಗಾಜು ಒಂದ ಲೆಕ್ಕದ ದೂರದಾಗ ಇದ್ರ ಬೆಳಕು ಚುಕ್ಕಿ ಆಗಿ ಹೊಗಿ ಏಳ್ತೈತಿ. ಬೆರಳಷ್ಟು ಆಚಿ ಸರಿದ್ರ ಚುಕ್ಕಿ ಹರಡಿ ಹೋಗ್ತೈತಿ. ಹಳೇ ಲೆನ್ಸಿನ ಗತಿ ಇದ ಆತು. ಕನ್ನಡಿ ಇದ್ದ ಮೈಗೆ ಹಚ್ಚಿದ್ರ ಹತ್ತರ ಕೂಡಾಕ ಜಾಗನ ಇಲ್ಲ. ಮೂಗಿನ ಮುಂದಿನ ಹೂವು ಕಂಡೀತು, ಅಂಗಳದಾಗ ನಿಂತ ಮನಷ್ಯಾ ಮಸುಕು. ಇಂಥಾ ಲೆನ್ಸ್ ಹಚ್ಚಾಕಂತ 2004ರಾಗ ಎಪ್ಸನ್, 2006ರಾಗ ಲೈಕಾ ಡಿಜಿಟಲ್ ಕ್ಯಾಮೆರಾ ತಂದ್ರು, ಖರೆ, ಆದ್ರ ನಮ್ಮಂಥವರು ಬೆಲಿ ಕೇಳಂಗಿರಲಿಲ್ಲ.

ದಾರಿ ತೆರೆದದ್ದು 2008ರಾಗ. ಪ್ಯಾನಾಸೋನಿಕ್ ಕಂಪನಿ ಜಿ1 ಅನ್ನೋ ಕ್ಯಾಮೆರಾದಾಗ ಆ ಕನ್ನಡಿ ತಗದ ಬಿಟ್ಟಿತು. ಚಿತ್ರ ನೇರ ಸಣ್ಣ ಪರದೆ ಮ್ಯಾಲ ಕಾಣಾಕ ಹತ್ತಿತು. 2010ಕ್ಕ ಸೋನಿ ಬಂತು. ಅದರಾಗ ಲೆನ್ಸು ಕೂಡೋ ಜಾಗ ಒಳಗಿನ ಸೆನ್ಸಾರಿನಿಂದ 18 ಮಿಲಿಮೀಟರ್ ಅಷ್ಟ. ಲೆಕ್ಕ ನೀವ ಮಾಡ್ರಿ: 28.8ರಾಗ 18 ಕಳದ್ರ 10.8. ಅಷ್ಟು ದಪ್ಪದ ಒಂದು ಲೋಹದ ಬಳಿ ನಡುವ ಇಟ್ರ ಮುಗೀತು. ಆ ಬಳಿಗೆ ಅಡಾಪ್ಟರ್ ಅಂತಾರ. ಅದರೊಳಗ ಗಾಜಿಲ್ಲ, ವೈರಿಲ್ಲ. ಒಂದು ಕಡೆ 39 ಮಿಲಿಮೀಟರ್ ಅಗಲದ ತಿರುಪು, ಬಾಟಲಿ ಮುಚ್ಚಳದಂಗ. ಇನ್ನೊಂದು ಕಡೆ ಹೊಸ ಕ್ಯಾಮೆರಾಕ್ಕ ಕುಕ್ಕರ್ ಮುಚ್ಚಳದಂಗ ತಿರುವಿ ಕುಂದರಸೋ ಖಾಚು.

ನನ್ನ ಮಗ ಇಂಥಾ ಬಳಿ ತರಸಿ, ತನ್ನ ಕ್ಯಾಮೆರಾಕ್ಕ ಅಜ್ಜನ ಲೆನ್ಸ್ ಹಚ್ಚಿ, ಕಿಟಕಿ ಹತ್ತರ ಕುಂತ ನಮ್ಮ ಅತ್ತಿಯವರ ಫೋಟೋ ತಗದ. ತಾನಾಗೇ ಫೋಕಸ್ ಆಗೂದಿಲ್ಲ, ಅಜ್ಜನಂಗ ಕೈಲೇ ತಿರುವಬೇಕು. ಅವ ತಿರುವಿ ತಿರುವಿ ತಡಾ ಮಾಡಿದ್ದಕ್ಕ ಅತ್ತಿಯವರು ಅಂದ್ರು, "ಸೆರಗು ಸರಿ ಮಾಡ್ಕೋ ಅಂತ ಅನವಲ್ಲಿ? ನಿಮ್ಮಜ್ಜ ಅದನ್ನ ಅನ್ನದ ಒಂದು ಫೋಟೋನೂ ತಗೀತಿರಲಿಲ್ಲ." ಫೋಟೋದಾಗ ಅವರ ಮುಖದ ಸುಕ್ಕು ಒಂದೊಂದೂ ಕಾಣ್ತಾವು, ಹಿಂದಿನ ಗ್ವಾಡಿ ಮಾತ್ರ ಮೆತ್ತಗ ಕರಗಿದಂಗ ಐತಿ. ಮದಿವಿ ಆದ ಹೊಸದಾಗಿ ಅವರನ್ನ ನೋಡಿದ್ದ ಗಾಜು ಇದ. ಗುಜರಿಯವ ಇದಕ್ಕ ಐವತ್ತು ರೂಪಾಯಿ ಅಂದಿದ್ದ.

ಈಗ ನಿಮ್ಮ ಮನಿ ಕಪಾಟಿನ ಮಾತು. ಎಲ್ಲಾ ಹಳೇ ಕ್ಯಾಮೆರಾದ ಲೆನ್ಸು ಬಿಚ್ಚಾಕ ಬರೂದಿಲ್ಲ. ಆಗ್ಫಾ ಕ್ಲಿಕ್, ಯಾಶಿಕಾ ಎಲೆಕ್ಟ್ರೋ 35 ಇವುಗಳ ಲೆನ್ಸು ಮೈಗೇ ಕೂಡಿರ್ತೈತಿ, ಜಗ್ಗಬ್ಯಾಡ್ರಿ. ಫೆಡ್, ಜೋರ್ಕಿ ಇದ್ರ ಎಡಕ್ಕ ತಿರುವಿದ್ರ ಬಿಚ್ಚತೈತಿ. ಕೆಲವು ಲೆನ್ಸು ಕೊಳವಿಯಂಗ ಒಳಗ ಸರೀತಾವು. ಅಂಥಾವನ್ನ ಡಿಜಿಟಲ್‌ಗೆ ಹಚ್ಚಿದಾಗ ಒಳಗ ತಳ್ಳಬಾರದು, ಸೆನ್ಸಾರಿಗೆ ತಾಗೀತು. ಹೊಸ ಕ್ಯಾಮೆರಾದಾಗ "ಲೆನ್ಸ್ ಇಲ್ಲದೇ ಕ್ಲಿಕ್" ಅನ್ನೋ ಸೆಟ್ಟಿಂಗ್ ಚಾಲೂ ಮಾಡಬೇಕು, ಯಾಕಂದ್ರ ವೈರಿಲ್ಲದ ಲೆನ್ಸನ್ನ ಅದು ಗುರುತು ಹಿಡಿಯೂದಿಲ್ಲ. ಸೆನ್ಸಾರ್ ಸಣ್ಣದಿದ್ರ ಚಿತ್ರದ ನಡುವಿನ ಭಾಗ ಅಷ್ಟ ಸಿಗ್ತೈತಿ, ಗ್ರೂಪ್ ಫೋಟೋಕ್ಕ ನಾಕು ಹೆಜ್ಜಿ ಹಿಂದ ಸರೀಬೇಕು. ರೀಲಿನಷ್ಟ ದೊಡ್ಡ ಸೆನ್ಸಾರ್ ಇದ್ದ ಸೋನಿ ಎ7, 2013ರಿಂದ ಐತಿ.

ಮಳಿಗಾಲದ ಥಂಡಿಗೆ ಲೆನ್ಸಿನೊಳಗ ಜೇಡರ ಬಲಿಯಂಗ ಬೂಸು ಹಿಡೀತೈತಿ. ಚರ್ಮದ ಚೀಲ ನೀರಿನಂಶ ಹಿಡಕೊಂಡಿರ್ತೈತಿ, ಅದರಿಂದ ಹೊರಗ ತಗದು, ಗಾಳಿಯಾಡದ ಡಬ್ಬಿಯೊಳಗ ಸಿಲಿಕಾ ಪುಡಿಕಿ ಹಾಕಿ ಇಡ್ರಿ. ಸೆರಗಿನ ತುದೀಲೆ ಗಾಜು ಒರಸಬ್ಯಾಡ್ರಿ, ಗೀರು ಬೀಳ್ತಾವು. ಲೆನ್ಸು ಬಿಚ್ಚಿ ಬೆಳಕಿಗೆ ಹಿಡೀರಿ. ಒಳಗ ತಿಳಿ ಕಂಡ್ರ ಅದನ್ನ ಗುಜರಿಗೆ ಹಾಕಬ್ಯಾಡ್ರಿ, ಮನಿಯಾಗಿನ ಹುಡುಗರ ಕೈಗೆ ಕೊಡ್ರಿ. ಬಳಿ ಅವರು ತರಸ್ತಾರ.