ಈಚಲು ವನದಿಂದ ಹರಾಜುಕಟ್ಟೆಗೆ: ಕನ್ನಡನಾಡಿನ ಪಾನನಿರೋಧದ ಒಂದು ಅಧ್ಯಾಯ

ಚಿತ್ರದುರ್ಗ ಜಿಲ್ಲೆಯ ತುರುವನೂರಿನಲ್ಲಿ 1939ರಲ್ಲಿ ನಡೆದ ಈಚಲು ಮರದ ಸತ್ಯಾಗ್ರಹವನ್ನು ನಮ್ಮ ಚರಿತ್ರಕಾರರು ಮೈಸೂರು ಕಾಂಗ್ರೆಸ್ಸಿನ ಹೋರಾಟದ ಒಂದು ಉಪಕಥೆಯೆಂಬಂತೆ ನಾಲ್ಕು ಸಾಲುಗಳಲ್ಲಿ ಹೇಳಿ ಮುಂದೆ ಸಾಗುವುದುಂಟು. ಎಸ್. ನಿಜಲಿಂಗಪ್ಪನವರ ಮುಂದಾಳುತನದಲ್ಲಿ ಹಳ್ಳಿಯ ಜನರು ಕೊಡಲಿ ಹಿಡಿದು ಮರಗಳನ್ನು ಕಡಿದುರುಳಿಸಿದ ಆ ಪ್ರಸಂಗವನ್ನು ಪಾನನಿರೋಧದ ಇತಿಹಾಸದ ಕಡೆಯಿಂದ ನೋಡಿದರೆ ಅದರ ತೂಕವೇ ಬೇರೆ. ಕುಡಿಯುವವನನ್ನೂ ಮಾರುವವನನ್ನೂ ಬಿಟ್ಟು, ಮದ್ಯವು ರಾಜಸ್ವವಾಗಿ ಮಾರ್ಪಡುವ ಬುಡಕ್ಕೇ ಅವರು ಕೊಡಲಿಯಿಟ್ಟಿದ್ದರು.

ಈಚಲು ಯಾರೂ ಬಿತ್ತಿ ಬೆಳೆಸುವ ಮರವಲ್ಲ. ಮೈಸೂರು ಸೀಮೆಯ ಹಳ್ಳದ ದಂಡೆಗಳಲ್ಲಿ, ಜವುಗು ನೆಲದಲ್ಲಿ, ತಾನಾಗಿ ಹುಟ್ಟಿ ಹಬ್ಬುವಂಥದು. ಹೆಂಡ ಇಳಿಸುವವನು ಮರವೇರಿ, ಸುಳಿಯ ಕೆಳಗಿನ ಗರಿಗಳನ್ನು ಸವರಿ, ಹರಿತವಾದ ಕತ್ತಿಯಿಂದ ಕಾಂಡವನ್ನು ಕೆತ್ತಿ, ಸಂಜೆಗೆ ಮಡಕೆ ಕಟ್ಟಿ ಇಳಿಯುತ್ತಾನೆ. ಇರುಳೆಲ್ಲ ಹನಿಹನಿಯಾಗಿ ಸೋರಿದ ರಸವು, ಮಡಕೆಯ ಒಳಮೈಗೆ ಸುಣ್ಣ ಬಳಿದಿದ್ದರೆ, ಬೆಳಗಿನ ಜಾವಕ್ಕೆ ಸಿಹಿಯಾದ ನೀರಾ. ಸುಣ್ಣವಿಲ್ಲದಿದ್ದರೆ ಬಿಸಿಲೇರುವಷ್ಟರಲ್ಲಿ ನೊರೆಯೆದ್ದ ಹೆಂಡ. ಮರುದಿನಕ್ಕೆ ಮೂಗಿಗೆ ಹೊಡೆಯುವ ಹುಳಿ. ದಿನವೊಂದಕ್ಕಿಂತ ಹೆಚ್ಚು ಬಾಳದ, ದೂರಕ್ಕೆ ಸಾಗದ ಈ ಪಾನೀಯಕ್ಕೆ ಪ್ರಕೃತಿಯೇ ಒಂದು ಎಲ್ಲೆಯನ್ನು ಕಟ್ಟಿತ್ತೆಂದು ನನ್ನ ಅಭಿಪ್ರಾಯ. ಹನ್ನೆರಡನೆಯ ಶತಮಾನದ ಶರಣರ ಗೋಷ್ಠಿಯಲ್ಲಿ ಹೆಂಡ ಮಾರುವ ಕಾಯಕದವನಾದ ಹೆಂಡದ ಮಾರಯ್ಯನಿಗೂ ಸ್ಥಾನವಿದ್ದುದನ್ನು ನೆನೆದರೆ, ಈ ಕಸುಬು ಊರಿನ ಬಾಳುವೆಯೊಳಗೇ ಹೆಣೆದುಕೊಂಡಿದ್ದುದು ಸ್ಪಷ್ಟವಾಗುತ್ತದೆ. ಭಟ್ಟಿಯಿಳಿಸಿದ ಸಾರಾಯಿಗಾದರೋ ಆ ಎಲ್ಲೆಯಿಲ್ಲ. ಅದು ಕೆಡುವುದಿಲ್ಲ, ಅಳೆದು ಮುದ್ರೆಯೊತ್ತಿ ಎಲ್ಲಿಗೆ ಬೇಕಾದರೂ ಸಾಗಿಸಬಹುದು, ಮತ್ತು ಅಳೆಯಬಲ್ಲ ವಸ್ತುವಿನ ಮೇಲೆ ಸುಂಕ ಹೇರುವುದು ಸುಲಭ.

ಆ ಸುಂಕದ ವ್ಯವಸ್ಥೆಗೆ ಬಂದ ಹೆಸರು ಅಬಕಾರಿ. ಪಾರಸಿ ಮೂಲದಲ್ಲಿ ಅದರ ಅಕ್ಷರಾರ್ಥ ನೀರಿನ ಕೆಲಸವೆಂದು. ಮುಂಬಯಿ ಪ್ರಾಂತದಲ್ಲಿ 1878ರಲ್ಲಿ, ಮದರಾಸಿನಲ್ಲಿ 1886ರಲ್ಲಿ, ಮೈಸೂರು ಸಂಸ್ಥಾನದಲ್ಲಿ 1901ರಲ್ಲಿ ಇದಕ್ಕೆ ಕ್ರಮವಾದ ಶಾಸನಗಳಾದುವು. ಇವೆಲ್ಲದರ ತಿರುಳು ಅಂಗಡಿಯ ಹರಾಜಿನಲ್ಲಿದ್ದಿತು. ಹೆಚ್ಚಿನ ಸವಾಲು ಕೂಗಿದವನಿಗೆ ಅಂಗಡಿ ಸಲ್ಲುತ್ತದೆ. ಮಳೆ ಬರಲಿ ಬಾರದಿರಲಿ, ಊರವರು ಕುಡಿಯಲಿ ಬಿಡಲಿ, ಅವನು ತಿಂಗಳ ಕಿಸ್ತನ್ನು ಕಟ್ಟಲೇಬೇಕು. ಹೀಗೆ ಕಟ್ಟುಬಿದ್ದ ಗುತ್ತಿಗೆದಾರನು ಕೂಲಿಕಾರನಿಗೆ ಸಾಲ ಕೊಟ್ಟು ಕುಡಿಸದೆ, ಕಣದ ರಾಗಿಯನ್ನು ಹೆಂಡಕ್ಕೆ ಅಳೆಸಿಕೊಳ್ಳದೆ ಉಳಿಯುವುದೆಂತು? ಕುಡಿತ ಹೆಚ್ಚಿದ್ದಕ್ಕೆ ಜನರ ಚಾಪಲ್ಯವನ್ನು ಕಾರಣವಾಗಿ ಹೇಳುವವರು ಈ ಕಿಸ್ತಿನ ಲೆಕ್ಕವನ್ನು ಮರೆಯಬಾರದು.

ಕನ್ನಡನಾಡು ಹರಿದು ಹಂಚಿಹೋಗಿದ್ದ ಕಾಲದಲ್ಲಿ ಪಾನನಿರೋಧವೂ ಹರಿದು ಹಂಚಿಯೇ ಬಂದಿತು. ರಾಜಾಜಿಯವರು 1937ರ ಅಕ್ಟೋಬರ್ 1ರಂದು ಸೇಲಂ ಜಿಲ್ಲೆಯಲ್ಲಿ ಆರಂಭಿಸಿದ ಪ್ರಯೋಗವು 1948ರ ವೇಳೆಗೆ ಮಂಗಳೂರು, ಬಳ್ಳಾರಿಗಳನ್ನೊಳಗೊಂಡ ಮದರಾಸು ಪ್ರಾಂತಕ್ಕೆಲ್ಲ ಹಬ್ಬಿತು. ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರಗಳಿಗೆ ಮುಂಬಯಿಯ 1949ರ ಶಾಸನ ಅನ್ವಯಿಸಿತು. 1956ರಲ್ಲಿ ನಾಡು ಒಂದಾದಾಗ ಒಣ ಜಿಲ್ಲೆಗಳೂ ಅಂಗಡಿ ತೆರೆದ ಜಿಲ್ಲೆಗಳೂ ಒಂದೇ ಬೊಕ್ಕಸದ ಕೆಳಗೆ ಬಂದುವು. ಸಂವಿಧಾನದ 47ನೆಯ ವಿಧಿಯು ಪಾನನಿರೋಧವನ್ನು ರಾಜ್ಯದ ಕರ್ತವ್ಯವೆಂದು ಸಾರಿದ್ದರೂ, ಇಡೀ ರಾಜ್ಯಕ್ಕೆ ಏಕರೂಪವಾದ 1965ರ ಮೈಸೂರು ಅಬಕಾರಿ ಶಾಸನ ರೂಪುಗೊಂಡಿತು. ಆ ದಶಕ ಮುಗಿಯುವ ಮುನ್ನವೇ ಪಾನನಿರೋಧವೂ ತೆರವಾಯಿತು. ಆಗ ಮುಖ್ಯಮಂತ್ರಿಗಳಾಗಿದ್ದವರು ತುರುವನೂರಿನ ನಿಜಲಿಂಗಪ್ಪನವರೇ. ಇದನ್ನು ವ್ಯಕ್ತಿಯ ದೋಷವೆಂದು ಹೇಳಿಬಿಡುವುದು ಅನ್ಯಾಯ. ಮರ ಕಡಿಯುವಾಗ ಅವರ ಕೈಯಲ್ಲಿ ಬೊಕ್ಕಸವಿರಲಿಲ್ಲ. ಬೊಕ್ಕಸ ಕೈಗೆ ಬಂದ ಮೇಲೆ ಶಾಲೆಗೂ ರಸ್ತೆಗೂ ಹಣ ಹುಡುಕಬೇಕಾದ ಹೊಣೆ ಹೆಗಲೇರಿತ್ತು. ಅಬಕಾರಿಯ ನಿಜವಾದ ಬಲವೇ ಅದು: ಅದನ್ನು ದ್ವೇಷಿಸಿದವರನ್ನೂ ಅದು ತನ್ನ ಆಶ್ರಿತರನ್ನಾಗಿ ಮಾಡಿಕೊಳ್ಳಬಲ್ಲದು.

ಮುಂದಿನ ಕಥೆ ಬಹುಮಟ್ಟಿಗೆ ಎಲ್ಲರೂ ಬಲ್ಲದ್ದು. 1981ರ ಜುಲೈಯಲ್ಲಿ ಬೆಂಗಳೂರಿನಲ್ಲಿ ಮಿಥೈಲ್ ಆಲ್ಕೊಹಾಲ್ ಬೆರೆತ ಕಳ್ಳಭಟ್ಟಿಗೆ 300ಕ್ಕೂ ಹೆಚ್ಚು ಬಡಜೀವಗಳು ಬಲಿಯಾದುವು. 2003ರಲ್ಲಿ ಮದ್ಯದ ಸಗಟು ವ್ಯಾಪಾರವನ್ನು ಸರ್ಕಾರವೇ ತನ್ನ ನಿಗಮದ ಮೂಲಕ ವಹಿಸಿಕೊಂಡಿತು. 2007ರ ಜುಲೈ 1ರಿಂದ ಸಾರಾಯಿ ನಿಷಿದ್ಧವಾಗಿ, ಹಳ್ಳಿಹಳ್ಳಿಗೂ ಪರಿಚಿತವಾಗಿದ್ದ ಸಾರಾಯಿ ಪ್ಯಾಕೆಟ್ಟು ಮರೆಯಾಯಿತು. ಅದರ ಜಾಗಕ್ಕೆ ಪರವಾನಗಿಯುಳ್ಳ ಅಗ್ಗದ ವಿಸ್ಕಿ, ರಮ್ಮು ಬಂದು ಕುಳಿತುವು. ದಿನಗೂಲಿಯವನು ಅದಕ್ಕೆ ಮೊದಲಿಗಿಂತ ಹೆಚ್ಚು ಹಣ ತೆರಬೇಕಾಯಿತು. ಹೆಂಡ ಹೋಗಿ ಸಾರಾಯಿ, ಸಾರಾಯಿ ಹೋಗಿ ಬಾಟಲಿ. ನಿರ್ಬಂಧವು ಪ್ರತಿಸಲವೂ ಪಾನೀಯದ ಹೆಸರಿಗೆ ತಗಲಿತೇ ಹೊರತು ಅದರ ಮೇಲೆ ನಿಂತ ಆಯವ್ಯಯಕ್ಕೆ ತಗಲಲಿಲ್ಲ.

2019ರ ಜನವರಿಯಲ್ಲಿ ಸಾವಿರಾರು ಹಳ್ಳಿಯ ಹೆಣ್ಣುಮಕ್ಕಳು, ಸಂಪೂರ್ಣ ಮದ್ಯನಿಷೇಧವನ್ನು ಬೇಡುತ್ತ, ಸುಮಾರು 200 ಕಿಲೋಮೀಟರು ದೂರದ ಬೆಂಗಳೂರಿಗೆ ಕಾಲ್ನಡಿಗೆಯಲ್ಲಿ ಬಂದರು. ಅವರು ಹೊರಟದ್ದು ಚಿತ್ರದುರ್ಗದಿಂದ. ತುರುವನೂರಿಗೆ ಅಲ್ಲಿಂದ ಕೆಲವೇ ಹರದಾರಿ.