ವಸತಿ ಸಹಿತ ವ್ಯಸನಮುಕ್ತಿ ಚಿಕಿತ್ಸೆಗೆ ಸರ್ಕಾರದ ಅನುದಾನ: ಸಾರ್ವಜನಿಕರಿಗೆ ಮಾಹಿತಿ

1. ಪೀಠಿಕೆ

ಮದ್ಯಪಾನ ಹಾಗೂ ಮಾದಕ ವಸ್ತುಗಳ ವ್ಯಸನಕ್ಕೆ ಒಳಗಾದವರನ್ನು ಕೇಂದ್ರದಲ್ಲಿ ಉಳಿಸಿಕೊಂಡು ಚಿಕಿತ್ಸೆ ನೀಡುವ ಸಂಸ್ಥೆಗಳಿಗೆ ಸರ್ಕಾರವು ಅನುದಾನ ನೀಡುತ್ತದೆ. ಈ ಅನುದಾನವು ರೋಗಿಗಾಗಲೀ ಕುಟುಂಬಕ್ಕಾಗಲೀ ನೇರವಾಗಿ ಸಂದಾಯವಾಗುವುದಿಲ್ಲ. ಚಿಕಿತ್ಸೆ ನೀಡುವ ಸಂಸ್ಥೆಗೆ ಸಂದಾಯವಾಗುತ್ತದೆ. ಖಾಸಗಿ ಕೇಂದ್ರವೊಂದರಲ್ಲಿ ಮೊದಲು ಹಣ ಕಟ್ಟಿ, ಅನಂತರ ಈ ಅನುದಾನದಿಂದ ಮರುಪಾವತಿ ಕೋರಲು ಅವಕಾಶವಿರುವುದಿಲ್ಲ. ಆದುದರಿಂದ ಸಾಲ ಮಾಡುವ ಅಥವಾ ಒಡವೆ ಅಡವಿಡುವ ಮುನ್ನವೇ ಸರ್ಕಾರಿ ಆಸ್ಪತ್ರೆ ಅಥವಾ ಅನುದಾನಿತ ಕೇಂದ್ರದಲ್ಲಿ ಹಾಸಿಗೆ ಲಭ್ಯವಿದೆಯೇ ಎಂದು ವಿಚಾರಿಸುವುದು ಅಗತ್ಯ.

ಕೇಂದ್ರ ಸಾಮಾಜಿಕ ನ್ಯಾಯ ಮತ್ತು ಸಬಲೀಕರಣ ಸಚಿವಾಲಯವು 2019ರಲ್ಲಿ ಪ್ರಕಟಿಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ಮದ್ಯಕ್ಕೆ ದಾಸರಾದ ಸುಮಾರು 38 ಜನರಲ್ಲಿ ಒಬ್ಬರಿಗೆ ಮಾತ್ರ ಯಾವುದಾದರೊಂದು ಚಿಕಿತ್ಸೆ ದೊರೆತಿತ್ತು. ಒಳರೋಗಿಯಾಗಿ ಚಿಕಿತ್ಸೆ ದೊರೆತದ್ದು ಸುಮಾರು 180 ಜನರಲ್ಲಿ ಒಬ್ಬರಿಗೆ ಮಾತ್ರ.

2. ಅನುದಾನದ ಸ್ವರೂಪ

ಸಂವಿಧಾನದ 47ನೇ ಅನುಚ್ಛೇದವು ಮಾದಕ ಪಾನೀಯ ಹಾಗೂ ಆರೋಗ್ಯಕ್ಕೆ ಹಾನಿಕರವಾದ ಮಾದಕ ಪದಾರ್ಥಗಳ ಸೇವನೆಯನ್ನು ತಡೆಯಲು ಪ್ರಯತ್ನಿಸುವಂತೆ ರಾಜ್ಯಕ್ಕೆ ನಿರ್ದೇಶಿಸಿದೆ. ಇದಕ್ಕೆ ಅನುಗುಣವಾಗಿ ಕೇಂದ್ರ ಸರ್ಕಾರವು 1985-86ರಿಂದ ಸ್ವಯಂಸೇವಾ ಸಂಸ್ಥೆಗಳಿಗೆ ಸಹಾಯಧನ ನೀಡುತ್ತ ಬಂದಿದೆ. 2008ರ ಪರಿಷ್ಕೃತ ಯೋಜನೆಯಲ್ಲಿ ಅನುಮೋದಿತ ವೆಚ್ಚದ ಶೇ. 90ರವರೆಗೆ ಸರ್ಕಾರವು ಭರಿಸಿ, ಉಳಿದುದನ್ನು ಸಂಸ್ಥೆಯೇ ಹೊಂದಿಸಿಕೊಳ್ಳಬೇಕೆಂದು ನಿಗದಿಪಡಿಸಲಾಗಿತ್ತು. 2018ರಲ್ಲಿ ಮಾದಕ ವಸ್ತು ಬೇಡಿಕೆ ತಗ್ಗಿಸುವ ರಾಷ್ಟ್ರೀಯ ಕ್ರಿಯಾ ಯೋಜನೆಯನ್ನು ರೂಪಿಸಲಾಯಿತು.

ಅನುದಾನಿತ ವಸತಿ ಕೇಂದ್ರಗಳಿಗೆ ವ್ಯಸನಿಗಳ ಸಮಗ್ರ ಪುನರ್ವಸತಿ ಕೇಂದ್ರಗಳೆಂದು ಹೆಸರು. ಕಚೇರಿ ವ್ಯವಹಾರದಲ್ಲಿ ಇವನ್ನು ಐ.ಆರ್.ಸಿ.ಎ. ಎನ್ನಲಾಗುತ್ತದೆ. ವೈದ್ಯರು, ಆಪ್ತಸಮಾಲೋಚಕರು ಹಾಗೂ ಶುಶ್ರೂಷಕರ ಗೌರವಧನ, ಕಟ್ಟಡದ ಬಾಡಿಗೆ, ಔಷಧಿ ಮತ್ತು ಆಹಾರ ಇವು ಅನುದಾನದಲ್ಲಿ ಅಡಕವಾಗಿರುವ ಮುಖ್ಯ ಬಾಬುಗಳು.

3. ಯಾರಿಗೆ ಉಚಿತ?

ಮಾನಸಿಕ ಆರೋಗ್ಯ ಆರೈಕೆ ಅಧಿನಿಯಮ, 2017ರ ಪ್ರಕಾರ ಮದ್ಯ ಹಾಗೂ ಮಾದಕ ವಸ್ತುಗಳ ದುರ್ಬಳಕೆಗೆ ಸಂಬಂಧಿಸಿದ ಮಾನಸಿಕ ಸ್ಥಿತಿಗಳೂ ಮಾನಸಿಕ ಅಸ್ವಸ್ಥತೆಯ ವ್ಯಾಖ್ಯೆಯಲ್ಲಿ ಸೇರಿವೆ. ಸದರಿ ಅಧಿನಿಯಮದ 18ನೇ ಪ್ರಕರಣದಂತೆ, ಬಡತನ ರೇಖೆಗಿಂತ ಕೆಳಗಿರುವವರು, ನಿರ್ಗತಿಕರು ಹಾಗೂ ವಸತಿರಹಿತರು ಸರ್ಕಾರ ನಡೆಸುವ ಅಥವಾ ಸರ್ಕಾರದ ಹಣ ಪಡೆಯುವ ಮಾನಸಿಕ ಆರೋಗ್ಯ ಸಂಸ್ಥೆಗಳಲ್ಲಿ ಉಚಿತ ಚಿಕಿತ್ಸೆಗೆ ಹಕ್ಕುಳ್ಳವರು. ಬಿ.ಪಿ.ಎಲ್. ಕಾರ್ಡು ಇಲ್ಲವೆಂಬ ಒಂದೇ ಕಾರಣದಿಂದ ಈ ಹಕ್ಕು ತಪ್ಪುವುದಿಲ್ಲ.

ಅನುದಾನಿತ ಕೇಂದ್ರದಲ್ಲಿ ಹಣ ಕೇಳಿದಲ್ಲಿ, ಯಾವ ನಿಯಮದ ಮೇರೆಗೆ ಎಂಬುದನ್ನು ಲಿಖಿತವಾಗಿ ಕೇಳುವುದು ಮತ್ತು ರಸೀದಿ ಪಡೆಯುವುದು.

4. ದಾಖಲಾಗುವ ವಿಧಾನ

(ಅ) ರಾಷ್ಟ್ರೀಯ ವ್ಯಸನಮುಕ್ತಿ ಸಹಾಯವಾಣಿ 14446 ಅಥವಾ ಟೆಲಿ-ಮಾನಸ್ 14416ಕ್ಕೆ ಕರೆ ಮಾಡಿ ಸಮೀಪದ ಕೇಂದ್ರದ ವಿವರ ಪಡೆಯಬಹುದು. ಎರಡೂ ಕರೆಗಳು ಉಚಿತ.

(ಆ) ಜಿಲ್ಲಾ ಆಸ್ಪತ್ರೆಯ ಮನೋವೈದ್ಯ ವಿಭಾಗದಲ್ಲಿ ಮೊದಲು ತಪಾಸಣೆ ಮಾಡಿಸುವುದು ಉತ್ತಮ. ಎಲ್ಲರಿಗೂ ವಸತಿ ಚಿಕಿತ್ಸೆ ಬೇಕಾಗುವುದಿಲ್ಲ. ಅನೇಕರಿಗೆ ಹೊರರೋಗಿ ಚಿಕಿತ್ಸೆಯೇ ಸಾಕಾಗಬಹುದು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ವ್ಯಸನ ಚಿಕಿತ್ಸೆಗೆ ಪ್ರತ್ಯೇಕ ಕೇಂದ್ರವಿದೆ.

(ಇ) ಗುರುತಿನ ಪತ್ರ, ಪಡಿತರ ಚೀಟಿ ಇದ್ದಲ್ಲಿ ಅದು, ಹಿಂದಿನ ಚಿಕಿತ್ಸೆಯ ಚೀಟಿಗಳು ಹಾಗೂ ಸೇವಿಸುತ್ತಿರುವ ಔಷಧಿಗಳನ್ನು ಜೊತೆಯಲ್ಲಿ ತರುವುದು.

(ಈ) ಸ್ವಇಚ್ಛೆಯ ದಾಖಲಾತಿಯೇ ಸಾಮಾನ್ಯ ಕ್ರಮ. ರೋಗಿಯ ಒಪ್ಪಿಗೆಯಿಲ್ಲದೆ ಬಲವಂತವಾಗಿ ಎತ್ತಿಕೊಂಡು ಹೋಗಿ ಸೇರಿಸಲು ಕುಟುಂಬದವರಿಗೆ ಅಧಿಕಾರವಿಲ್ಲ. ತನಗಾಗಲೀ ಇತರರಿಗಾಗಲೀ ಅಪಾಯ ತರುವಷ್ಟು ತೀವ್ರ ಸ್ಥಿತಿಯಿದ್ದಲ್ಲಿ, 89ನೇ ಪ್ರಕರಣದಂತೆ ನಾಮನಿರ್ದೇಶಿತ ಪ್ರತಿನಿಧಿಯು ಅರ್ಜಿ ಸಲ್ಲಿಸಿ, ಇಬ್ಬರು ತಜ್ಞರು ಪ್ರತ್ಯೇಕವಾಗಿ ಪರೀಕ್ಷಿಸಿದ ನಂತರ 30 ದಿನಗಳವರೆಗೆ ದಾಖಲಿಸಿಕೊಳ್ಳಬಹುದು.

ವಿಶೇಷ ಸೂಚನೆ: ಬಹುಕಾಲದಿಂದ ಅತಿಯಾಗಿ ಕುಡಿಯುತ್ತಿದ್ದವರು ಹಠಾತ್ತನೆ ನಿಲ್ಲಿಸಿದಲ್ಲಿ ಮೊದಲ ಕೆಲವು ದಿನಗಳಲ್ಲಿ ನಡುಕ, ಫಿಟ್ಸ್, ಭ್ರಮೆ ಕಾಣಿಸಿಕೊಂಡು ಪ್ರಾಣಾಪಾಯ ಸಂಭವಿಸಬಹುದು. ಹಾಸಿಗೆಗಾಗಿ ಕಾಯುತ್ತಿರುವಾಗ ಇಂತಹ ಲಕ್ಷಣ ಕಂಡಲ್ಲಿ ಕೂಡಲೇ ಸರ್ಕಾರಿ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಕರೆದೊಯ್ಯಬೇಕು. 108 ಆಂಬ್ಯುಲೆನ್ಸ್ ಸೇವೆಯನ್ನು ಬಳಸಬಹುದು.

5. ಪೊಲೀಸ್ ಮೊಕದ್ದಮೆಯ ಭಯ

ಗಾಂಜಾ ಮುಂತಾದ ಮಾದಕ ವಸ್ತು ಸೇವಿಸುವವರ ಪೋಷಕರು ಮೊಕದ್ದಮೆಗೆ ಹೆದರಿ ಚಿಕಿತ್ಸೆಯಿಂದ ದೂರ ಉಳಿಯುವುದುಂಟು. ಎನ್.ಡಿ.ಪಿ.ಎಸ್. ಅಧಿನಿಯಮ, 1985ರ 64ಎ ಪ್ರಕರಣದಂತೆ, ಸೇವನೆಯ ಅಥವಾ ಅಲ್ಪ ಪ್ರಮಾಣದ ಆರೋಪವಿರುವ ವ್ಯಸನಿಯು ಸರ್ಕಾರದ ಅಥವಾ ಸರ್ಕಾರದಿಂದ ಮಾನ್ಯತೆ ಪಡೆದ ಸಂಸ್ಥೆಯಲ್ಲಿ ಸ್ವಇಚ್ಛೆಯಿಂದ ಚಿಕಿತ್ಸೆ ಪಡೆದಲ್ಲಿ ಆ ಆರೋಪದ ವಿಚಾರಣೆಯಿಂದ ವಿನಾಯಿತಿ ಇದೆ. ಚಿಕಿತ್ಸೆಯನ್ನು ಪೂರ್ಣಗೊಳಿಸದಿದ್ದಲ್ಲಿ ಈ ವಿನಾಯಿತಿಯನ್ನು ಹಿಂಪಡೆಯಬಹುದು. ಮಾರಾಟದ ಆರೋಪಕ್ಕೆ ಇದು ಅನ್ವಯಿಸುವುದಿಲ್ಲ.

6. ಸೇರಿಸುವ ಮುನ್ನ ಪರಿಶೀಲಿಸಬೇಕಾದ ಅಂಶಗಳು

- ಕೇಂದ್ರವು ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದಲ್ಲಿ ನೋಂದಣಿಯಾಗಿದೆಯೇ?
- ವೈದ್ಯರು ಯಾವ ದಿನಗಳಲ್ಲಿ ಬರುತ್ತಾರೆ? ರಾತ್ರಿ ವೇಳೆ ಶುಶ್ರೂಷಕರು ಇರುತ್ತಾರೆಯೇ?
- ಮಹಿಳೆಯರಿಗೆ ಹಾಗೂ 18 ವರ್ಷದೊಳಗಿನವರಿಗೆ ಪ್ರತ್ಯೇಕ ವ್ಯವಸ್ಥೆ ಇದೆಯೇ?
- ಕುಟುಂಬದವರು ಭೇಟಿಯಾಗಲು, ದೂರವಾಣಿಯಲ್ಲಿ ಮಾತನಾಡಲು ಅವಕಾಶವಿದೆಯೇ?
- ಬಿಡುಗಡೆಯ ನಂತರ ಮರುಭೇಟಿಯ ವ್ಯವಸ್ಥೆ ಏನು?

ರೋಗಿಯನ್ನು ಸರಪಳಿಯಿಂದ ಕಟ್ಟುವುದು ಮತ್ತು ಬಲವಂತವಾಗಿ ತಲೆ ಬೋಳಿಸುವುದು ಕಾನೂನಿನಂತೆ ನಿಷಿದ್ಧ. ನೋಂದಣಿಯಿಲ್ಲದೆ ಕೇಂದ್ರ ನಡೆಸುವವರಿಗೆ ಮೊದಲ ಬಾರಿಗೆ ರೂ. 5,000ದಿಂದ ರೂ. 50,000ದವರೆಗೆ ದಂಡ ವಿಧಿಸಬಹುದಾಗಿದೆ.

7. ಮಾಹಿತಿ ಮತ್ತು ದೂರು

ತಮ್ಮ ಜಿಲ್ಲೆಯಲ್ಲಿ ಯಾವ ಸಂಸ್ಥೆಗೆ, ಎಷ್ಟು ಹಾಸಿಗೆಗಳಿಗೆ ಅನುದಾನ ಮಂಜೂರಾಗಿದೆ ಎಂಬುದನ್ನು ಮಾಹಿತಿ ಹಕ್ಕು ಅಧಿನಿಯಮ, 2005ರಡಿ ರೂ. 10 ಶುಲ್ಕದೊಂದಿಗೆ ಅರ್ಜಿ ಸಲ್ಲಿಸಿ ಯಾರು ಬೇಕಾದರೂ ಪಡೆಯಬಹುದು. ಉತ್ತರಕ್ಕೆ ಸಾಮಾನ್ಯ ಕಾಲಮಿತಿ 30 ದಿನಗಳು. ಸೇವೆಯ ಲೋಪದ ಬಗ್ಗೆ ಮೊದಲು ಕೇಂದ್ರದ ಮುಖ್ಯಸ್ಥರಿಗೆ, ಪರಿಹಾರ ದೊರೆಯದಿದ್ದಲ್ಲಿ ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಗೆ ದೂರು ಸಲ್ಲಿಸಬಹುದು. ಉಚಿತ ಕಾನೂನು ನೆರವಿಗೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರವನ್ನು ಅಥವಾ 15100 ಸಂಖ್ಯೆಯನ್ನು ಸಂಪರ್ಕಿಸುವುದು.

ಒಮ್ಮೆ ಚಿಕಿತ್ಸೆ ಪಡೆದವರು ಮತ್ತೆ ಕುಡಿತಕ್ಕೆ ಮರಳಿದರೆ ಅದನ್ನು ಚಿಕಿತ್ಸೆಯ ಅಂತ್ಯವೆಂದು ಭಾವಿಸಬೇಕಾಗಿಲ್ಲ. ಅಂಥವರನ್ನು ಹಿಂಜರಿಕೆಯಿಲ್ಲದೆ ಪುನಃ ಕರೆತರುವಂತೆ ಕುಟುಂಬದವರಲ್ಲಿ ಕೋರಲಾಗಿದೆ.