ದನಿಯೂ ಕರೆಂಟೂ ಒಂದೇ ತಂತಿಯಲ್ಲಿ

ಭಾಗಮಂಡಲದಿಂದ ಕಾಡಿನ ದಾರಿ ಹಿಡಿದು ಘಟ್ಟ ಇಳಿದರೆ ಕರಿಕೆ. ಅಲ್ಲಿಂದ ಮುಂದಕ್ಕೆ ಕಾಸರಗೋಡು ಜಿಲ್ಲೆಯ ಪಾಣತ್ತೂರು. ಮಡಿಕೇರಿ ತಾಲ್ಲೂಕಿನದೇ ಊರಾದರೂ ಮಡಿಕೇರಿಗೂ ಇದಕ್ಕೂ ನಡುವೆ ಕಾಡು, ಮಳೆ, ಕುಸಿಯುವ ಗುಡ್ಡಗಳಿವೆ. ದೂರವಾಣಿಯ ಚರಿತ್ರೆಯನ್ನು ಸಾಮಾನ್ಯವಾಗಿ ವೇಗದ ಚರಿತ್ರೆಯಾಗಿ ಬರೆಯುತ್ತಾರೆ. ಆದರೆ ಮಳೆ ಬಿಡದ ಆಟಿ ತಿಂಗಳಲ್ಲಿ ಇಂಥ ಊರಿನವರು ಮೊದಲು ಕೇಳುವುದು ಲೈನ್ ಇದೆಯೇ ಎಂದು.

ಹಳೆಯ ಜಾಲದ ತತ್ವ ಸರಳ. ಕರೆ ಮಾಡಿದಾಗ ಈ ತುದಿಯಿಂದ ಆ ತುದಿಯವರೆಗೆ ಒಂದು ದಾರಿ ಜೋಡಣೆಯಾಗುತ್ತದೆ. ರಿಸೀವರ್ ಕೆಳಗಿಡುವವರೆಗೂ ಅದು ಆ ಇಬ್ಬರಿಗೇ ಮೀಸಲು, ಅವರು ಮೌನವಾಗಿದ್ದರೂ. ಇದೇ ಸರ್ಕ್ಯೂಟ್ ಸ್ವಿಚಿಂಗ್. ಮೊದಲು ಆಪರೇಟರುಗಳು ಕೈಯಾರೆ ಜೋಡಿಸುತ್ತಿದ್ದ ಈ ದಾರಿಯನ್ನು ಯಂತ್ರವೇ ಜೋಡಿಸುವ ವಿಧಾನಕ್ಕೆ ಅಮೆರಿಕದ ಸ್ಟ್ರೌಜರ್ 1891ರಲ್ಲಿ ಪೇಟೆಂಟ್ ಪಡೆದ. 1948ರಲ್ಲಿ ಬೆಂಗಳೂರಿನಲ್ಲಿ ಶುರುವಾದ ದೂರವಾಣಿ ಕಾರ್ಖಾನೆ ಐಟಿಐ ಆ ಬಗೆಯ ಎಕ್ಸ್‌ಚೇಂಜುಗಳನ್ನು ಇಲ್ಲೇ ತಯಾರಿಸಿತು. ಕಾರ್ಖಾನೆಯ ಸುತ್ತ ಬೆಳೆದ ಬಡಾವಣೆಗೆ ದೂರವಾಣಿನಗರ ಎಂದೇ ಹೆಸರಾಯಿತು. 1960ರಲ್ಲಿ ಕಾನ್ಪುರ–ಲಖನೌ ನಡುವೆ ಆಪರೇಟರಿಲ್ಲದೆ ನೇರವಾಗಿ ದೂರದೂರಿಗೆ ಕರೆ ಮಾಡುವ ಎಸ್‌ಟಿಡಿ ಬಂತು. ಆದರೂ ಎಷ್ಟೋ ಹಳ್ಳಿಗಳು ಬಹುಕಾಲ ಟ್ರಂಕ್ ಕಾಲ್ ಬುಕ್ ಮಾಡಿ ಕಾಯುವುದರಲ್ಲೇ ಉಳಿದವು.

ಹಳ್ಳಿಯ ಕಡೆಯಿಂದ ನೋಡಿದರೆ ನಿಜವಾದ ತಿರುವು 1980ರ ದಶಕದ್ದು. ವಿದೇಶಿ ಎಕ್ಸ್‌ಚೇಂಜುಗಳಿಗೆ ಹವಾನಿಯಂತ್ರಿತ ಕೋಣೆ ಬೇಕು, ಸಾವಿರಾರು ಗ್ರಾಹಕರು ಬೇಕು. ನಮ್ಮ ಹಳ್ಳಿಗಳಲ್ಲಿ ಎರಡೂ ಇರಲಿಲ್ಲ. 1984ರಲ್ಲಿ ಹುಟ್ಟಿದ ಸರ್ಕಾರಿ ದೂರಸಂಪರ್ಕ ಸಂಶೋಧನಾ ಸಂಸ್ಥೆ ಸಿ-ಡಾಟ್ ಈ ಕೊರತೆಯನ್ನೇ ವಿನ್ಯಾಸದ ಷರತ್ತಾಗಿ ಹಿಡಿಯಿತು. ಧೂಳು, ಸೆಕೆ ತಡೆದುಕೊಂಡು ಎಸಿ ಇಲ್ಲದೆ ನಡೆಯುವ 128 ಪೋರ್ಟುಗಳ ಪುಟ್ಟ ಡಿಜಿಟಲ್ ಎಕ್ಸ್‌ಚೇಂಜು, ರ‍್ಯಾಕ್ಸ್, ಸಿದ್ಧವಾಯಿತು. ಅದರಲ್ಲಿ ಮೊದಲನೆಯದು 1986ರಲ್ಲಿ ಕರ್ನಾಟಕದ ಕಿತ್ತೂರಿನಲ್ಲೇ ಚಾಲೂ ಆಯಿತು. ದೇಶದ ತಂತ್ರಜ್ಞಾನದ ಕತೆಯಲ್ಲಿ ಇದಕ್ಕೆ ಸಲ್ಲಬೇಕಾದಷ್ಟು ಮನ್ನಣೆ ಸಂದಿಲ್ಲ ಎಂದೇ ನನ್ನ ಭಾವನೆ. ಡಿಜಿಟಲ್ ಜಾಲದಲ್ಲಿ ದನಿಯನ್ನು ಸೆಕೆಂಡಿಗೆ 8,000 ಬಾರಿ ಅಳೆದು, ಪ್ರತಿ ಅಳತೆಯನ್ನೂ 8 ಬಿಟ್‌ಗಳಲ್ಲಿ ಬರೆಯುತ್ತಾರೆ. ಹಾಗಾಗಿ ಒಂದು ಕರೆಗೆ ಸೆಕೆಂಡಿಗೆ 64 ಕಿಲೋಬಿಟ್. ದನಿ, ದತ್ತಾಂಶ ಎರಡನ್ನೂ ಡಿಜಿಟಲ್ ಆಗಿ ಒಯ್ಯುವ ಐಎಸ್‌ಡಿಎನ್ ಸೇವೆ ಇದೇ ಲೆಕ್ಕದ ಮೇಲೆ ನಿಂತಿತ್ತು.

ಮುಂದಿನದು ಬೇಗ ಬೇಗ ನಡೆಯಿತು. ಡಯಲ್-ಅಪ್ ಮೋಡೆಮ್ ದನಿಯ ಇಕ್ಕಟ್ಟಾದ ದಾರಿಯಲ್ಲೇ ದತ್ತಾಂಶವನ್ನು ತೂರಿಸಿ, ಹೆಚ್ಚೆಂದರೆ ಸೆಕೆಂಡಿಗೆ 56 ಕಿಲೋಬಿಟ್ ತಲುಪಿತು. ದನಿಗೆ ಬೇಕಾದದ್ದು 3,400 ಹರ್ಟ್ಜ್‌ವರೆಗಿನ ಕಂಪನ ಮಾತ್ರ, ಅದರಾಚೆ ತಾಮ್ರದ ತಂತಿ ಖಾಲಿ ಬಿದ್ದಿದೆ ಎಂಬುದನ್ನು ಬಳಸಿಕೊಂಡದ್ದು ಎಡಿಎಸ್‌ಎಲ್. 2005ರಲ್ಲಿ ಬಿಎಸ್‌ಎನ್‌ಎಲ್ ಬ್ರಾಡ್‌ಬ್ಯಾಂಡ್ ಶುರುವಾದಾಗ ಮನೆಯ ಹಳೆಯ ತಂತಿಯಲ್ಲೇ ಮಾತೂ ಇಂಟರ್‌ನೆಟ್ಟೂ ಒಟ್ಟಿಗೆ ಬಂದವು. ಆದರೆ ಎಕ್ಸ್‌ಚೇಂಜಿನಿಂದ ದೂರ ಹೋದಂತೆ ವೇಗ ಇಳಿಯುತ್ತದೆ, ಐದಾರು ಕಿಲೋಮೀಟರ್ ಆಚೆ ಸೇವೆಯೇ ಕಷ್ಟ. ತೋಟದ ನಡುವೆ ಒಂಟಿ ಮನೆಗಳಿರುವ ಕೊಡಗಿನಲ್ಲಿ ಈ ಮಿತಿ ಸಣ್ಣದಲ್ಲ.

ಆ ಮಿತಿಯನ್ನು ಮುರಿದದ್ದು ಗಾಜಿನೆಳೆ. ಫೈಬರ್ ಮನೆತನಕ ಬರುವ ಜಿಪಾನ್ ವ್ಯವಸ್ಥೆಯಲ್ಲಿ ಸುಮಾರು 20 ಕಿಲೋಮೀಟರ್ ದೂರಕ್ಕೂ ಗಿಗಾಬಿಟ್ ಮಟ್ಟದ ವೇಗ ಸಾಧ್ಯ. 2011ರಲ್ಲಿ ಮಂಜೂರಾಗಿ ಈಗ ಭಾರತ್‌ನೆಟ್ ಎನಿಸಿಕೊಂಡ ಯೋಜನೆ ಗ್ರಾಮ ಪಂಚಾಯಿತಿಗಳಿಗೆ ಫೈಬರನ್ನೇ ಒಯ್ಯಲು ಹೊರಟದ್ದು. ಇತ್ತ ಮೊಬೈಲಿನ 4ಜಿಯಲ್ಲಿ ಕರೆಯೂ ಪ್ಯಾಕೆಟ್ಟುಗಳಾಗಿ ಒಡೆದು ಸಾಗುತ್ತದೆ. ಮೀಸಲು ದಾರಿ ಎಂಬ ಕಲ್ಪನೆಯೇ ಅಲ್ಲಿಗೆ ಮುಗಿಯಿತು.

ಈ ಬೆಳವಣಿಗೆಯಲ್ಲಿ ಕೈತಪ್ಪಿದ್ದೊಂದಿದೆ. ಹಳೆಯ ಫೋನಿಗೆ ಬೇಕಾದ 48 ವೋಲ್ಟ್ ಕರೆಂಟು ಎಕ್ಸ್‌ಚೇಂಜಿನ ಬ್ಯಾಟರಿಯಿಂದ ಅದೇ ತಂತಿಯಲ್ಲಿ ಬರುತ್ತಿತ್ತು. ಮನೆಯಲ್ಲಿ ದೀಪ ಆರಿದರೂ, ಮರ ಬಿದ್ದು ತಂತಿ ಕಡಿಯದಿದ್ದರೆ, ಫೋನ್ ನಡೆಯುತ್ತಿತ್ತು. ಗಾಜಿನೆಳೆ ಬೆಳಕನ್ನು ಒಯ್ಯುತ್ತದೆ, ಕರೆಂಟನ್ನಲ್ಲ. ಫೈಬರ್ ಬಂದು ಸೇರುವ ಮನೆಯ ಪೆಟ್ಟಿಗೆಗೆ ಮನೆಯದೇ ವಿದ್ಯುತ್ ಬೇಕು. ಮೊಬೈಲ್ ಟವರಿಗೆ ಬ್ಯಾಟರಿ, ಡೀಸೆಲ್ ಬೇಕು. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಕುಸಿದಾಗ ರಸ್ತೆ, ವಿದ್ಯುತ್, ಫೋನ್ ಮೂರೂ ಕೈಕೊಟ್ಟು, ತಮ್ಮವರು ಬದುಕಿದ್ದಾರೆಯೇ ಎಂದು ತಿಳಿಯದೆ ಜನ ಒದ್ದಾಡಿದರು. ಹಾಗೆಂದು ಫೈಬರಿನ ವೇಗವನ್ನು ಬಿಟ್ಟು ತಾಮ್ರಕ್ಕೆ ಮರಳಬೇಕಿಲ್ಲ. ಗುಡ್ಡಗಾಡಿನ ಟವರುಗಳಿಗೂ ಪಂಚಾಯಿತಿಯ ಫೈಬರ್ ಕೊಂಡಿಗೂ ಮಳೆಗಾಲದ ಹಲವು ದಿನ ತಾಳುವ ಬ್ಯಾಟರಿಯನ್ನು ಸರ್ಕಾರ ಟೆಂಡರಿನಲ್ಲೇ ಕಡ್ಡಾಯ ಮಾಡಲಿ, ಅದರ ಲೆಕ್ಕವನ್ನು ಮಳೆಗಾಲಕ್ಕೆ ಮುಂಚೆಯೇ ಊರಿನವರ ಮುಂದಿಡಲಿ.